ಆರ್ನೋ ತೀರದ ಸಂಗಮ



ಯೂರೋಪಿನ ಪ್ರವಾಸಕ್ಕೆ ಹೊರಟ ನಮ್ಮವರಲ್ಲಿ ಇಟಲಿಯನ್ನು ಮುಟ್ಟಿದವರು ಫ್ಲಾರೆನ್ಸ್ ನಗರವನ್ನು ನೋಡದೆ ಹಿಂದಿರುಗುವುದು ವಿರಳ. ಆರ್ನೋ ನದಿಯ ಎರಡು ದಂಡೆಗಳ ಮೇಲೆಯೂ ಹಬ್ಬಿಕೊಂಡಿರುವ ಈ ಪಟ್ಟಣವು ಮಹಾಕವಿ ದಾಂತೆಯ ಜನ್ಮಭೂಮಿ. ೧೪೩೬ರಲ್ಲಿ ಶಿಲ್ಪಿ ಬ್ರುನೆಲ್ಲೆಸ್ಕಿಯು ಪೂರೈಸಿದ ಪ್ರಧಾನ ದೇವಾಲಯದ ಗುಮ್ಮಟ, ಹದಿನಾಲ್ಕನೆಯ ಶತಮಾನದಲ್ಲಿ ಕಟ್ಟಿದ್ದು ಇಂದಿಗೂ ಅಕ್ಕಸಾಲಿಗರ ಅಂಗಡಿಗಳ ಸಾಲನ್ನು ಬೆನ್ನ ಮೇಲೆ ಹೊತ್ತು ನಿಂತಿರುವ ಹಳೆಯ ಸೇತುವೆ, ಮೈಕೆಲೇಂಜೆಲೋ ಮತ್ತು ಗೆಲಿಲಿಯೋ ಇವರ ಸಮಾಧಿಗಳುಳ್ಳ ಸಾಂತಾ ಕ್ರೋಚೆಯ ಮಂದಿರ, ಇವುಗಳನ್ನು ನೋಡಿ ಪ್ರವಾಸಿಯು ಕೃತಾರ್ಥನಾದೆನೆಂದು ಭಾವಿಸುತ್ತಾನೆ. ಅದು ಸಹಜವೇ ಸರಿ.

ಆದರೆ ಈ ನಗರದಲ್ಲಿ ನಮ್ಮವರು ನೋಡಬೇಕಾದ ಇನ್ನೊಂದು ಸ್ಥಳವುಂಟು. ಅದು ಪ್ರವಾಸಿಗಳ ಜಂಗುಳಿಯಿಂದ ದೂರದಲ್ಲಿದೆ. ಆರ್ನೋ ನದಿಯ ಬಲದಂಡೆಯನ್ನು ಹಿಡಿದು ಪಶ್ಚಿಮಾಭಿಮುಖವಾಗಿ ನಡೆದರೆ ಕಷೀನೆ ಎಂಬ ವಿಶಾಲವಾದ ಉದ್ಯಾನವು ಸಿಕ್ಕುತ್ತದೆ. ನದಿಯ ಉದ್ದಕ್ಕೂ ಮೂರು ಕಿಲೋಮೀಟರಿಗೂ ಮೀರಿ ಚಾಚಿಕೊಂಡಿರುವ ಈ ಉಪವನದ ಕೊಟ್ಟಕೊನೆಯಲ್ಲಿ, ಮುನ್ಯೋನೆ ಎಂಬ ಚಿಕ್ಕ ಹೊಳೆಯು ಬಂದು ಆರ್ನೋವನ್ನು ಕೂಡುವ ಎಡೆಯಲ್ಲಿ, ಮರಗಳ ನಡುವೆ ಒಂದು ಛತ್ರಿಯು ನಿಂತಿದೆ. ಅದರ ಕಂಬಗಳೂ ಕಮಾನುಗಳೂ ನಮ್ಮ ದೇಶದ ರೀತಿಯವು. ಛತ್ರಿಯ ಕೆಳಗೆ ರುಮಾಲು ಸುತ್ತಿದ, ಕಂಠಾಭರಣವನ್ನು ಧರಿಸಿದ ತರುಣನೊಬ್ಬನ ಎದೆಮಟ್ಟದ ಪ್ರತಿಮೆ. ಫ್ಲಾರೆನ್ಸಿನವರು ಅದನ್ನು ‘ಇಂದ್ಯಾನೋ’, ಎಂದರೆ ಹಿಂದುಸ್ಥಾನದವನು, ಎಂದು ಮಾತ್ರ ಕರೆಯುತ್ತಾರೆ.

ಪ್ರವಾಸಿಯು ಪರದೇಶದಿಂದ ಏನನ್ನು ತಂದನೆಂದು ನಾವು ಕೇಳುವುದುಂಟು. ಅಲ್ಲಿ ಏನನ್ನು ಬಿಟ್ಟುಬಂದನೆಂದು ಕೇಳುವುದು ಅಪರೂಪ. ಈ ಛತ್ರಿಯು ಆ ಎರಡನೆಯ ಪ್ರಶ್ನೆಯನ್ನು ಎತ್ತುತ್ತದೆ. ಆ ತರುಣನು ಯಾರು, ಅವನ ಗುರುತು ಅಲ್ಲಿ ಏಕೆ ನಿಂತಿತು, ಅದರಲ್ಲಿಯೂ ಎರಡು ನೀರುಗಳು ಕೂಡುವ ಆ ಮೂಲೆಯಲ್ಲಿಯೇ ಏಕೆ ನಿಂತಿತು ಎಂಬುದನ್ನು ಈ ಹೊತ್ತು ನಿಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ.

ಇದಕ್ಕಾಗಿ ಆರ್ನೋ ತೀರವನ್ನು ಕ್ಷಣಕಾಲ ಬಿಟ್ಟು ನಮ್ಮ ಕೃಷ್ಣಾತೀರಕ್ಕೆ ಬರಬೇಕು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬ ಊರುಗಳು ಈಗ ಒಂದೇ ಬಾಗಲಕೋಟೆ ಜಿಲ್ಲೆಯೊಳಗೆ ಸೇರಿವೆ. ೧೮೭೦ರ ಸುಮಾರಿಗೆ ಸ್ಥಿತಿಯು ಹೀಗಿರಲಿಲ್ಲ. ಜಮಖಂಡಿಯಲ್ಲಿ ಪಟವರ್ಧನ ಮನೆತನದವರೂ ಮುಧೋಳದಲ್ಲಿ ಘೋರ್ಪಡೆಯವರೂ ಆಳುತ್ತಿದ್ದರು. ನೇಕಾರರ ಊರಾದ ರಬಕವಿಯು ಸಾಂಗಲಿ ಸಂಸ್ಥಾನದ ತೇರದಾಳ ಭಾಗಕ್ಕೆ ಸೇರಿತ್ತು. ಬೀಳಗಿಯಾದರೋ ಬ್ರಿಟಿಷರ ಕಲಾದಗಿ ಜಿಲ್ಲೆಯಲ್ಲಿತ್ತು. ಒಂದು ದಿನದ ಬಂಡಿಯ ಪಯಣದಲ್ಲಿ ಮನುಷ್ಯನು ಮೂರು ನಾಲ್ಕು ಪ್ರಭುತ್ವಗಳನ್ನು ದಾಟಬಹುದಾಗಿತ್ತು. ಮನೆಯ ಮಾತು ಮಾತ್ರ ಕನ್ನಡ. ದಫ್ತರದ ಮಾತು ಬಹುಮಟ್ಟಿಗೆ ಮರಾಠಿ. ಈ ಸಣ್ಣ ಸಂಸ್ಥಾನಗಳೆಲ್ಲವನ್ನೂ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಅಧಿಕಾರಿಯು ಇದ್ದುದು ಕೊಲ್ಲಾಪುರದಲ್ಲಿ. ಆತನಿಗೆ ‘ಕೊಲ್ಲಾಪುರ ಮತ್ತು ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆಂಟ್’ ಎಂಬ ಹೆಸರು.

ಕೊಲ್ಲಾಪುರಕ್ಕೂ ನಮ್ಮ ಸೀಮೆಗೂ ಇದ್ದ ನಂಟು ದಫ್ತರದ್ದು ಮಾತ್ರವಲ್ಲ. ಕರವೀರದ ಶಿಲಾಹಾರ ಅರಸರ ಶಾಸನಗಳು ಅನೇಕವು ಕನ್ನಡದಲ್ಲಿವೆ. ರಬಕವಿಗೆ ಹತ್ತಿರದ ತೇರದಾಳದಲ್ಲಿರುವ ಹನ್ನೆರಡನೆಯ ಶತಮಾನದ ಶಾಸನವು ಕೊಲ್ಲಾಪುರದ ರೂಪನಾರಾಯಣ ಬಸದಿಯ ಮಾಘನಂದಿ ಸೈದ್ಧಾಂತಿಕರನ್ನು ಸ್ಮರಿಸುತ್ತದೆ. ಇವೆಲ್ಲಕ್ಕಿಂತ ಹಳೆಯ ನಂಟು ನೀರಿನದು. ಕೊಲ್ಲಾಪುರದ ಬಳಿ ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ಎಂಬ ಹೊಳೆಗಳು ಕೂಡಿ, ಗುಪ್ತಗಾಮಿನಿಯಾದ ಸರಸ್ವತಿಯೊಡನೆ ಪಂಚಗಂಗೆಯಾಗುತ್ತವೆಂದು ಜನರು ನಂಬುತ್ತಾರೆ. ಆ ಪಂಚಗಂಗೆಯು ನರಸೋಬನ ವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದೇ ನೀರು ಮುಂದೆ ರಬಕವಿ, ಜಮಖಂಡಿಗಳ ಸೀಮೆಯನ್ನು ಹಾಯ್ದು ಬೀಳಗಿಯತ್ತ ಸಾಗುತ್ತದೆ; ಮುಧೋಳದ ಕಡೆಯಿಂದ ಬರುವ ಘಟಪ್ರಭೆಯನ್ನು ಚಿಕ್ಕಸಂಗಮದಲ್ಲಿಯೂ, ಮಲಪ್ರಭೆಯನ್ನು ಕೂಡಲಸಂಗಮದಲ್ಲಿಯೂ ಬರಮಾಡಿಕೊಳ್ಳುತ್ತದೆ. ಹೀಗೆ ಸಂಗಮದಿಂದ ಸಂಗಮಕ್ಕೆ ನಡೆಯುವ ನದಿ ನಮ್ಮದು.

ಫ್ಲಾರೆನ್ಸಿನ ಛತ್ರಿಯ ಕೆಳಗಿರುವ ತರುಣರು ಆ ಪಂಚಗಂಗೆಯ ತೀರದ ಅರಸರು. ಕೊಲ್ಲಾಪುರದ ರಾಜಾರಾಮ ಮಹಾರಾಜರು, ಶಿವಾಜಿ ಮಹಾರಾಜರ ವಂಶದ ಗಾದಿಗೆ ದತ್ತುಪುತ್ರರಾಗಿ ೧೮೬೬ರಲ್ಲಿ ಬಂದವರು. ಜನನವು ೧೮೫೦ನೆಯ ಇಸವಿಯಲ್ಲಿ. ಇಂಗ್ಲಿಷ್ ವಿದ್ಯೆಯನ್ನು ಚೆನ್ನಾಗಿ ಕಲಿತಿದ್ದ ಈ ತರುಣರು ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ, ೧೮೭೦ರ ಬೇಸಗೆಯಲ್ಲಿ, ಯೂರೋಪನ್ನು ನೋಡಬೇಕೆಂದು ಹೊರಟರು. ಸುವೆಜ್ ಕಾಲುವೆಯು ತೆರೆದು ಆಗ ಇನ್ನೂ ಒಂದು ವರ್ಷವಾಗಿರಲಿಲ್ಲ.

ಈ ಪ್ರಯಾಣವು ಅಂದಿನ ಜನಕ್ಕೆ ಎಂಥ ಸಾಹಸವಾಗಿ ತೋರಿರಬೇಕೆಂಬುದನ್ನು ಇಂದು ಊಹಿಸುವುದು ಕಷ್ಟ. ಸಮುದ್ರಯಾನವು ಕಲಿಯುಗದಲ್ಲಿ ವರ್ಜ್ಯವೆಂದು ಧರ್ಮಶಾಸ್ತ್ರದ ನಿಬಂಧಕಾರರು ಬರೆದಿದ್ದರು. ಕಡಲನ್ನು ದಾಟಿದವನು ಪ್ರಾಯಶ್ಚಿತ್ತವಿಲ್ಲದೆ ಪಂಕ್ತಿಗೆ ಸಲ್ಲನು. ಇದಾದ ಹದಿನೆಂಟು ವರ್ಷಗಳ ತರುವಾಯ, ೧೮೮೮ರಲ್ಲಿ, ಗಾಂಧೀಜಿಯವರು ವಿಲಾಯಿತಿಗೆ ಹೊರಟಾಗಲೂ ಅವರ ಜಾತಿಯ ಪಂಚಾಯಿತಿಯು ಅವರನ್ನು ಬಹಿಷ್ಕರಿಸಿತು. ೧೯೦೨ರಲ್ಲಿ ಜಯಪುರದ ಮಾಧೋಸಿಂಗ್ ಮಹಾರಾಜರು ಲಂಡನ್ನಿಗೆ ಹೋದಾಗ ಆಳೆತ್ತರದ ಬೆಳ್ಳಿಯ ಪಾತ್ರೆಗಳಲ್ಲಿ ಗಂಗೋದಕವನ್ನು ಹಡಗಿಗೆ ಏರಿಸಿಕೊಂಡು ಹೋದರು. ಪರದೇಶದ ನೀರು ತಮ್ಮ ನೀರಲ್ಲ ಎಂಬ ಭಾವನೆಯು ಅಷ್ಟು ಆಳವಾಗಿತ್ತು. ರಾಜಾರಾಮ ಮಹಾರಾಜರು ಆಳುತ್ತಿದ್ದ ಹಿಂದೂ ಅರಸರಲ್ಲಿ ಈ ಕಟ್ಟನ್ನು ಮುರಿದು ಇಂಗ್ಲೆಂಡಿಗೆ ಹೋದ ಅತಿ ಮೊದಲಿಗರ ಪೈಕಿಯವರು.

ಅವರ ಜತೆಯಲ್ಲಿ ಹೋದ ಬ್ರಿಟಿಷ್ ಅಧಿಕಾರಿಯು ಕ್ಯಾಪ್ಟನ್ ಎಡ್ವರ್ಡ್ ವೆಸ್ಟ್. ಈ ಹೆಸರು ನಮ್ಮ ಸೀಮೆಯ ಚರಿತ್ರೆಯನ್ನು ಓದಿದವರಿಗೆ ಅಪರಿಚಿತವಲ್ಲ. ದಕ್ಷಿಣ ಮರಾಠಾ ಸಂಸ್ಥಾನಗಳ ವೃತ್ತಾಂತವನ್ನು ೧೮೬೯ರಲ್ಲಿ ಸರಕಾರಕ್ಕಾಗಿ ಬರೆದವನು ಈತನೇ. ಅರಸರ ಮನೆತನಗಳ ವಂಶಾವಳಿಯನ್ನೂ ಸನದುಗಳನ್ನೂ ಬಲ್ಲ ಆ ಅಧಿಕಾರಿಯೇ ಮರುವರ್ಷ ತರುಣ ಅರಸರ ಸಹಪ್ರವಾಸಿಯಾದನು.

ಮಹಾರಾಜರು ಇಂಗ್ಲೆಂಡಿನಲ್ಲಿ ಕೆಲವು ತಿಂಗಳು ಇದ್ದರು. ವಿಕ್ಟೋರಿಯಾ ರಾಣಿಯ ದರ್ಶನವಾಯಿತು, ಪಾರ್ಲಿಮೆಂಟನ್ನು ಕಂಡರು, ಸ್ಕಾಟ್ಲೆಂಡಿಗೂ ಹೋಗಿಬಂದರು. ದಿನದಿನದ ಅನುಭವವನ್ನು ಇಂಗ್ಲಿಷಿನಲ್ಲಿ ದಿನಚರಿಯಾಗಿ ಬರೆದಿಟ್ಟರು. ಆ ದಿನಚರಿಯು ಅವರು ತೀರಿಕೊಂಡ ತರುವಾಯ, ವೆಸ್ಟನ ಸಂಪಾದಕತ್ವದಲ್ಲಿ ೧೮೭೨ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಈ ಗ್ರಂಥದ ವಿಷಯದಲ್ಲಿ ಚರಿತ್ರಕಾರನು ಸ್ವಲ್ಪ ಎಚ್ಚರದಿಂದಿರಬೇಕು. ಬರೆದವರು ಇಪ್ಪತ್ತು ವರ್ಷದ ತರುಣರು. ಬರೆದದ್ದು ಕಲಿತ ಭಾಷೆಯಲ್ಲಿ, ತಾಯ್ನುಡಿಯಲ್ಲಲ್ಲ. ಪಕ್ಕದಲ್ಲಿದ್ದವನು ಸರಕಾರದ ಅಧಿಕಾರಿ. ಅಚ್ಚಿಗೆ ಸಿದ್ಧಪಡಿಸಿದವನೂ ಅವನೇ. ವಿದ್ಯಾವಂತನಾದ ದೇಶೀಯ ಅರಸನು ಹೇಗಿರಬೇಕೆಂದು ಆಂಗ್ಲ ಪ್ರಭುತ್ವವು ಬಯಸುತ್ತಿತ್ತೋ ಹಾಗೆಯೇ ಕಾಣುವುದು ಆ ಪುಸ್ತಕಕ್ಕೆ ಅನುಕೂಲವಾಗಿತ್ತು. ಆ ತರುಣರ ಮನಸ್ಸಿನ ಒಳಗಿನ ಮಾತು, ತಾಯಿಯ ನೆನಪು, ಊರ ಮಹಾಲಕ್ಷ್ಮಿಯ ಗುಡಿಯ ಗಂಟೆಯ ನೆನಪು, ಇವು ಅಂಥ ಪುಟಗಳಿಗೆ ಎಷ್ಟು ಬಂದಾವು? ದಿನಚರಿಯು ಅವರ ಪ್ರವಾಸಕ್ಕೆ ಒಂದು ಸಾಕ್ಷಿ, ನಿಜ. ಆದರೆ ಅದಕ್ಕಿಂತ ಮುಕ್ತವಾದ ಇನ್ನೊಂದು ಸಾಕ್ಷಿಯುಂಟು. ಅದು ಅವರ ಕೈಬರಹದಲ್ಲಿಲ್ಲ. ಅವರೊಡನೆ ಹೋಗಿದ್ದ ಪರಿವಾರದ ಜನರ ನಡತೆಯಲ್ಲಿದೆ. ಅದನ್ನೇ ಈಗ ಹೇಳುತ್ತೇನೆ.

ಆ ವರ್ಷದ ಜುಲೈ ತಿಂಗಳಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧವು ಹುಟ್ಟಿತ್ತು. ಆದುದರಿಂದ ಮಹಾರಾಜರ ಪರಿವಾರವು ಹಿಂದಿರುಗುವಾಗ ಬೆಲ್ಜಿಯಂ, ಜರ್ಮನಿಗಳ ಮೇಲಿಂದ ಆಲ್ಪ್ಸ್ ಪರ್ವತಗಳನ್ನು ದಾಟಿ ಇಟಲಿಗೆ ಇಳಿಯಿತು. ಚಳಿಗಾಲವು ಕಾಲಿಟ್ಟಿತ್ತು. ದಾರಿಯಲ್ಲಿ ಮಹಾರಾಜರ ದೇಹಸ್ಥಿತಿಯು ಕೆಟ್ಟಿತು. ಫ್ಲಾರೆನ್ಸನ್ನು ಅವರು ಮುಟ್ಟಿದುದು ರೋಗಿಯಾಗಿ. ೧೮೭೦ನೆಯ ನವೆಂಬರ್ ೩೦ರಂದು ಅಲ್ಲಿಯ ಒಂದು ಹೋಟೆಲಿನಲ್ಲಿ ಅವರು ಕೊನೆಯುಸಿರೆಳೆದರು. ಯಾವ ನಗರದಲ್ಲಿ ಅವರ ಗುರುತು ಶಾಶ್ವತವಾಗಿ ನಿಂತಿತೋ ಆ ನಗರವನ್ನು ಅವರು ಕಣ್ಣಾರೆ ನೋಡಿ ಸಂತೋಷಪಡಲಾಗಲಿಲ್ಲ.

ಅರಸರನ್ನು ಕಳೆದುಕೊಂಡ ಆ ಪರಿವಾರದ ಅವಸ್ಥೆಯನ್ನು ನೆನೆಯಿರಿ. ಭಾಷೆ ಬಾರದ ಊರು, ಕೊರೆಯುವ ಚಳಿ, ನಾಲ್ಕು ಸಾವಿರ ಮೈಲಿಗೂ ದೂರದ ಮನೆ, ಮುಂದೆ ಮಲಗಿರುವುದು ಧಣಿಯ ದೇಹ. ಇಂಥ ಪ್ರಸಂಗವು ಹಿಂದೆಯೂ ಒದಗಿತ್ತು. ರಾಜಾ ರಾಮಮೋಹನ ರಾಯರು ೧೮೩೩ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ತೀರಿಕೊಂಡಾಗ ಅವರನ್ನು ಮಣ್ಣಿನಲ್ಲಿ ಹೂಳಲಾಯಿತು. ಹತ್ತು ವರ್ಷಗಳ ತರುವಾಯ ಅವರ ದೇಹವನ್ನು ಅದೇ ಊರಿನ ಬೇರೊಂದು ಸ್ಮಶಾನಕ್ಕೆ ಒಯ್ದರು. ಅಲ್ಲಿ ಅವರಿಗೆ ಛತ್ರಿಯನ್ನು ಕಟ್ಟಿಸಿದವರು ದ್ವಾರಕಾನಾಥ ಠಾಕೂರರು. ೧೮೪೬ರಲ್ಲಿ ಲಂಡನ್ನಿನಲ್ಲಿ ಮಡಿದ ದ್ವಾರಕಾನಾಥರೂ ಅಲ್ಲಿಯೇ ಮಣ್ಣಾದರು. ಶವವನ್ನು ಸುಡುವುದು ಕ್ರೈಸ್ತ ಯೂರೋಪಿಗೆ ಒಗ್ಗದ ಆಚಾರವಾಗಿತ್ತು. ಆಂಗ್ಲ ಕವಿ ಶೆಲ್ಲಿಯ ದೇಹವನ್ನು ೧೮೨೨ರಲ್ಲಿ ಇಟಲಿಯ ಕಡಲತೀರದಲ್ಲಿ ಸುಟ್ಟದ್ದುಂಟು. ಆದರೆ ಅದು ಕಡಲು ದಡಕ್ಕೆ ತಂದುಹಾಕಿದ ಶವದ ವಿಷಯದಲ್ಲಿದ್ದ ಆರೋಗ್ಯದ ಕಟ್ಟಳೆಯ ಫಲ. ಇಂಗ್ಲೆಂಡಿನಲ್ಲಿ ದಹನವು ಕಾನೂನಿಗೆ ವಿರುದ್ಧವಲ್ಲವೆಂದು ನ್ಯಾಯಾಲಯವು ಹೇಳಿದ್ದು ೧೮೮೪ರಲ್ಲಿ. ಇಟಲಿಯ ಮಿಲಾನಿನಲ್ಲಿ ದಹನಮಂದಿರವು ಮೊದಲಾದುದು ೧೮೭೬ರಲ್ಲಿ. ೧೮೭೦ರಲ್ಲಾದರೋ ಇದಾವುದೂ ಇರಲಿಲ್ಲ.

ಆದರೂ ಪರಿವಾರದವರು ದಹನವೇ ಆಗಬೇಕೆಂದು ಕೇಳಿದರು. ದಹನವಷ್ಟೇ ಅಲ್ಲ, ಎರಡು ನದಿಗಳು ಕೂಡುವ ಸ್ಥಳದಲ್ಲಿ ಆಗಬೇಕೆಂದು ಕೇಳಿದರು. ಫ್ಲಾರೆನ್ಸ್ ಆಗ ಇಟಲಿಯ ರಾಜಧಾನಿ. ರೋಮನ್ನು ಇಟಲಿಯ ಸೈನ್ಯವು ವಶಪಡಿಸಿಕೊಂಡು ಕೇವಲ ಎರಡು ತಿಂಗಳಾಗಿತ್ತು. ಸರಕಾರವು ಅಲ್ಲಿಗೆ ಇನ್ನೂ ಹೋಗಿರಲಿಲ್ಲ. ರಾಜಧಾನಿಯ ನಡುವೆ ಅನ್ಯಧರ್ಮದವರು ಚಿತೆಯನ್ನು ಒಡ್ಡುತ್ತೇವೆಂದರೆ ಅಧಿಕಾರಿಗಳು ಸುಲಭವಾಗಿ ಒಪ್ಪುವ ಮಾತಲ್ಲ. ವಿಶೇಷ ಅನುಮತಿಯನ್ನು ಪಡೆಯಬೇಕಾಯಿತು. ಅನುಮತಿಯು ದೊರೆಯಿತು. ಅದೇ ರಾತ್ರಿ ದೇಹವನ್ನು ಕಷೀನೆ ಉದ್ಯಾನದ ತುದಿಗೆ ಒಯ್ದು, ಮುನ್ಯೋನೆಯು ಆರ್ನೋವನ್ನು ಸೇರುವ ಎಡೆಯಲ್ಲಿ ಕಟ್ಟಿಗೆಯ ಚಿತೆಯನ್ನು ರಚಿಸಿ, ಡಿಸೆಂಬರ್ ಮೊದಲನೆಯ ತಾರೀಖಿನ ಬೆಳಗಿನ ಜಾವದಲ್ಲಿ ನಮ್ಮ ಸಂಪ್ರದಾಯದಂತೆ ಅಗ್ನಿಸಂಸ್ಕಾರವನ್ನು ಮಾಡಿದರು. ನಗರದ ಜನರು ನೆರೆದು ನೋಡಿದರು. ಬೂದಿಯನ್ನು ಹೊಳೆಯ ನೀರಿಗೆ ಬಿಟ್ಟರು.

ಶ್ರೋತೃಗಳೇ, ಈ ಸಂಗತಿಯಲ್ಲಿ ನನಗೆ ಬಹು ದೊಡ್ಡದಾಗಿ ಕಾಣುವುದು ಸ್ಥಳದ ಆಯ್ಕೆ. ಮುನ್ಯೋನೆಯು ದೊಡ್ಡ ನದಿಯಲ್ಲ. ಬೆಟ್ಟದಿಂದ ಇಳಿದುಬರುವ ಸಾಧಾರಣ ಹಳ್ಳ. ಊರಿನ ಕೋಟೆಯು ಬೆಳೆದಂತೆಲ್ಲ ಫ್ಲಾರೆನ್ಸಿನವರು ಅದರ ಪಾತ್ರವನ್ನು ಮತ್ತೆ ಮತ್ತೆ ಅತ್ತಿತ್ತ ತಿರುಗಿಸಿದ್ದರು. ಆ ಜನರ ಕಣ್ಣಿಗೆ ಅದು ಊರ ಹೊರಗಿನ ಒಂದು ಮೂಲೆ. ಕುದುರೆಗಾಡಿಗಳು ಸಂಜೆಯ ಹೊತ್ತು ಬಂದು ತಿರುಗಿಕೊಳ್ಳುವ ತಾಣ. ಪಂಚಗಂಗೆಯ ತೀರದಿಂದ ಬಂದವರ ಕಣ್ಣಿಗೆ ಅದೇ ಸಂಗಮವಾಗಿ ಕಂಡಿತು. ನೀರು ನೀರನ್ನು ಕೂಡುವಲ್ಲಿ ದೇಹವನ್ನು ಬಿಡಬೇಕೆಂಬುದು ಅವರು ಪುಸ್ತಕದಿಂದ ಕಲಿತದ್ದಲ್ಲ. ಊರಿನಲ್ಲಿ ಕಂಡುಕೊಂಡು ಬಂದದ್ದು. ಜಯಪುರದ ಅರಸರು ಗಂಗೆಯನ್ನು ಪಾತ್ರೆಯಲ್ಲಿ ತುಂಬಿಕೊಂಡು ಹೋದರು. ಕೊಲ್ಲಾಪುರದ ಪರಿವಾರದವರು ಪರದೇಶದ ನೀರಿನಲ್ಲಿಯೇ ತಮ್ಮ ತೀರ್ಥವನ್ನು ಗುರುತಿಸಿದರು. ಇವೆರಡರಲ್ಲಿ ಎರಡನೆಯದು ಹೆಚ್ಚಿನ ಧೈರ್ಯವೆಂದು ನನಗೆ ತೋರುತ್ತದೆ.

ನಮ್ಮ ಕೃಷ್ಣಾತೀರದಲ್ಲಿ ಎಲ್ಲರ ಅಂತ್ಯವಿಧಿಯೂ ಒಂದೇ ಬಗೆಯದಲ್ಲವೆಂಬುದು ತಮಗೆ ತಿಳಿದೇ ಇದೆ. ಲಿಂಗವಂತರು ದೇಹವನ್ನು ಮಣ್ಣಿಗೆ ಒಪ್ಪಿಸುತ್ತಾರೆ; ಬೇರೆ ಹಲವರು ಬೆಂಕಿಗೆ ಒಪ್ಪಿಸುತ್ತಾರೆ. ಆದರೆ ಸಂಗಮದ ವಿಷಯದಲ್ಲಿ ಭೇದವಿಲ್ಲ. ಬಸವಣ್ಣನವರು ವಿದ್ಯೆ ಪಡೆದ ಸ್ಥಳವೂ ಐಕ್ಯರಾದ ಸ್ಥಳವೂ ಕೂಡಲಸಂಗಮವೇ ಎಂದು ಜನರು ನಡೆದುಕೊಳ್ಳುತ್ತಾರೆ. ಎರಡು ನೀರು ಒಂದಾಗುವಲ್ಲಿ ಮನುಷ್ಯನಿಗೆ ತನ್ನ ಕೊನೆಯ ಮಾತು ನೆನಪಾಗುತ್ತದೆ.

ಇತ್ತ ಫ್ಲಾರೆನ್ಸಿನವರ ನಡತೆಯನ್ನೂ ಮರೆಯಲಾಗದು. ಒಂದು ರಾತ್ರಿ ಅನುಮತಿ ಕೊಟ್ಟು ಮರುದಿನ ಬೂದಿಯನ್ನು ಗುಡಿಸಿ ಮರೆಯಬಹುದಾಗಿತ್ತು. ಹಾಗಾಗಲಿಲ್ಲ. ೧೮೭೪ರಲ್ಲಿ ಅದೇ ಸ್ಥಳದಲ್ಲಿ ಸ್ಮಾರಕವು ಎದ್ದಿತು. ಪ್ರತಿಮೆಯನ್ನು ಕಡೆದವನು ಆಂಗ್ಲ ಶಿಲ್ಪಿ ಫುಲ್ಲರ್. ಛತ್ರಿಯ ನಕ್ಷೆಯನ್ನು ಮಾಡಿದವನು ಮ್ಯಾಂಟ್ ಎಂಬ ಇಂಜಿನಿಯರು. ಮುಂದೆ ಕೊಲ್ಲಾಪುರದ ಹೊಸ ಅರಮನೆಯ ನಕ್ಷೆಯನ್ನು ಮಾಡಿದವನೂ ಇವನೇ. ಆದುದರಿಂದ ಅರಮನೆಯನ್ನು ಕಂಡವರಿಗೆ ಆ ಛತ್ರಿಯು ಅಪರಿಚಿತವೆನಿಸದು. ೧೯೭೮ರಲ್ಲಿ ಅದರ ಸಮೀಪದಲ್ಲಿ ಆರ್ನೋ ನದಿಗೆ ಒಂದು ಹೊಸ ಸೇತುವೆಯು ಸಿದ್ಧವಾದಾಗ ಅದಕ್ಕೆ ‘ಹಿಂದುಸ್ಥಾನದವನ ಸೇತುವೆ’ ಎಂದೇ ಹೆಸರಾಯಿತು. ಪ್ರತಿದಿನವೂ ಅದರ ಮೇಲೆ ಮೋಟಾರು ಓಡಿಸುವ ಜನರಲ್ಲಿ ಬಹುಮಂದಿಗೆ ರಾಜಾರಾಮರ ಹೆಸರು ಗೊತ್ತಿರಲಾರದು. ಹೆಸರು ಹೋಗಿ ದೇಶವೊಂದೇ ಉಳಿದಿದೆ. ಇದನ್ನು ಮರೆವು ಎನ್ನಬೇಕೋ ಸ್ಮರಣೆಯೆನ್ನಬೇಕೋ, ನೀವೇ ವಿಚಾರಿಸಿರಿ.

ಊರಿನಲ್ಲಿ ಹೆಸರು ಉಳಿದಿದೆ. ೧೮೮೦ರಲ್ಲಿ ಸ್ಥಾಪಿತವಾದ ಕೊಲ್ಲಾಪುರದ ರಾಜಾರಾಮ ಕಾಲೇಜು ಅವರ ನೆನಪನ್ನು ಕಾಯ್ದುಕೊಂಡಿದೆ. ಸಂಸ್ಥಾನಗಳು ಮಾತ್ರ ಹೋದವು. ಜಮಖಂಡಿ, ಮುಧೋಳ, ಸಾಂಗಲಿಗಳು ೧೯೪೮ರಲ್ಲಿಯೂ ಕೊಲ್ಲಾಪುರವು ೧೯೪೯ರಲ್ಲಿಯೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೫೬ರಲ್ಲಿ ಭಾಷೆಯ ಗೆರೆಯು ಬಿದ್ದು ಪಂಚಗಂಗೆಯು ಒಂದು ರಾಜ್ಯದಲ್ಲಿಯೂ ನಮ್ಮ ಸೀಮೆಯು ಇನ್ನೊಂದು ರಾಜ್ಯದಲ್ಲಿಯೂ ಉಳಿದವು. ನೀರು ಆ ಗೆರೆಯನ್ನು ಮನ್ನಿಸದೆ ಹರಿಯುತ್ತಲೇ ಇದೆ.

ಇನ್ನೊಂದು ಮಾತು. ೨೦೧೫ನೆಯ ನವೆಂಬರ್ ೧೪ರಂದು ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಬಸವೇಶ್ವರರ ಪ್ರತಿಮೆಯನ್ನು ಭಾರತದ ಪ್ರಧಾನಮಂತ್ರಿಗಳು ಅನಾವರಣ ಮಾಡಿದರು. ಬಾಗಲಕೋಟೆಯ ಕಡೆಯಿಂದ ಲಂಡನ್ನಿಗೆ ಹೋದವರು ಅಲ್ಲಿ ನಿಂತು ಕೈಮುಗಿದು ಭಾವಚಿತ್ರವನ್ನು ತೆಗೆಸಿಕೊಂಡು ಬರುತ್ತಾರೆ. ಹೀಗೆ ಯೂರೋಪಿನ ಎರಡು ನದಿಗಳ ಬದಿಯಲ್ಲಿ ಕೃಷ್ಣೆಯ ನೀರಿನ ಎರಡು ಗುರುತುಗಳಿವೆ. ಒಂದು, ಅಲ್ಲಿಗೆ ಎಂದೂ ಹೋಗದ ಮಹಾತ್ಮರದು. ನಾವು ಗೌರವದಿಂದ ಒಯ್ದು ನಿಲ್ಲಿಸಿದ್ದು. ಇನ್ನೊಂದು, ನೋಡಲೆಂದು ಹೋಗಿ ಹಿಂದಿರುಗದ ತರುಣರದು; ದುಃಖವು ನಿಲ್ಲಿಸಿದ್ದು. ಮೊದಲನೆಯದಕ್ಕೆ ಹೋಗುವವರು ಎರಡನೆಯದಕ್ಕೂ ಹೋಗಲೆಂಬುದು ನನ್ನ ಬಿನ್ನಹ.

ಹೋದವರು ಅಲ್ಲಿ ನಿಂತು ನಮ್ಮ ಊರಿನ ಸಂಗಮಗಳನ್ನೂ ನೆನೆಯಬೇಕು. ಆಲಮಟ್ಟಿಯ ಅಣೆಕಟ್ಟಿನಿಂದ ನೆಲಕ್ಕೆ ನೀರಾಯಿತು, ಮನೆಗೆ ಬೆಳಕಾಯಿತು. ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಅದರ ಹಿನ್ನೀರು ಬೀಳಗಿ ಸೀಮೆಯ ಎಷ್ಟೋ ಹಳ್ಳಿಗಳನ್ನು ನುಂಗಿತು. ಕೂಡಲಸಂಗಮದ ಐಕ್ಯಮಂಟಪವನ್ನು ಸುತ್ತಲೂ ಗೋಡೆಯನ್ನೆತ್ತಿ, ನೀರಿನ ನಡುವೆ ಬಾವಿಯಂತೆ ಮಾಡಿ ಉಳಿಸಿಕೊಂಡರು. ಚಿಕ್ಕಸಂಗಮದ ಗುಡಿಯು ಜಲಾಶಯವು ತುಂಬಿದಾಗ ಮುಳುಗುತ್ತದೆ. ನೀರು ಇಳಿದ ಬೇಸಗೆಯಲ್ಲಿ ತಲೆಯೆತ್ತುತ್ತದೆ. ತಲೆತಲಾಂತರದಿಂದ ಹಿರಿಯರನ್ನು ಬೀಳ್ಕೊಟ್ಟ ದಂಡೆಗಳು ಎಲ್ಲಿದ್ದುವೆಂದು ಮಕ್ಕಳಿಗೆ ಬೆರಳು ಮಾಡಿ ತೋರಿಸುವುದು ಕಷ್ಟವಾಗಿದೆ. ಪರದೇಶದ ನಗರವೊಂದು ತನ್ನದಲ್ಲದ ವಿಧಿಯೊಂದು ಒಂದೇ ಒಂದು ಸಲ ನಡೆದ ಮೂಲೆಯನ್ನು ನೂರೈವತ್ತು ವರ್ಷ ಮೀರಿ ಕಾಯ್ದುಕೊಂಡಿದೆ. ತಲೆಮಾರುಗಳ ವಿಧಿಗಳು ನಡೆದ ನಮ್ಮ ಮೂಲೆಗಳ ಹೆಸರನ್ನಾದರೂ, ಮುಳುಗಿದ ಹಳ್ಳಿಗಳ ನೆನಪನ್ನಾದರೂ ನಾವು ಬರೆದಿಡಬೇಡವೆ?

ರಾಜಾರಾಮ ಮಹಾರಾಜರು ಲೋಕವನ್ನು ನೋಡಲೆಂದು ಹೋದರು. ಅವರ ಜತೆಯವರು ಆ ಲೋಕದ ಒಂದು ಅಂಗುಲವನ್ನು ಒಂದು ರಾತ್ರಿ ತಮ್ಮ ಊರಾಗಿ ಮಾಡಿಕೊಂಡರು. ಊರು ಎಂಬುದು ನಾವು ಹುಟ್ಟಿದ ಮಣ್ಣು ಮಾತ್ರವಲ್ಲ. ನಮ್ಮವರನ್ನು ಕಳಿಸಿಕೊಟ್ಟ ನೀರೂ ಹೌದು. ಆ ಲೆಕ್ಕದಲ್ಲಿ ಕಷೀನೆಯ ಆ ಮೂಲೆಯೂ ಕೃಷ್ಣಾತೀರವೇ.